ದಡದ ಮೇಲಿನ ದನಿ

ನನ್ನ ಅಣ್ಣನ ಮಗ ಸಿದ್ರಾಯ ಮುದಲಗಿಯಲ್ಲಿ ಸ್ಟುಡಿಯೋ ಇಟ್ಟಿದ್ದಾನೆ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಅದು ಅವನ ಬಾಡಿಗೆ ಮನೆಯ ಹಿಂದಿನ ಕೋಣೆ. ಮೊದಲಿದ್ದವರು ಅಲ್ಲಿ ಗೊಂಜಾಳದ ಚೀಲ ಒಟ್ಟುತ್ತಿದ್ದರು. ಇವನು ಗೋಡೆಗೆಲ್ಲ ಹಳೆಯ ಕೌದಿ ಹೊಡೆದು, ಕಿಟಕಿಗೆ ಗಾದಿ ತುರುಕಿ, ಕಂಪ್ಯೂಟರು, ಮೈಕು, ಕೀಬೋರ್ಡು ಇಟ್ಟು ಬಾಗಿಲ ಮೇಲೆ ಬೋರ್ಡು ಹಾಕಿದ. ಆ ಕೌದಿಗಳಲ್ಲಿ ಎರಡು ನಾನು ಹೊಲಿದವು. ಹೊದ್ದುಕೊಳ್ಳಲಿ ಎಂದು ಅವನ ಮದುವೆಗೆ ಕೊಟ್ಟಿದ್ದೆ. ಮೊಳೆಗೆ ನೇತುಬಿದ್ದದ್ದು ನೋಡಿ ಸಿಟ್ಟು ಬಂತು.

"ದನಿ ಗ್ವಾಡಿಗೆ ಬಡದ ತಿರಗಿ ಬರಬಾರದ ಅತ್ತಿ, ಅದಕ್ಕ" ಎಂದ.

"ನಿನ್ನ ಹಾಡ ಕೇಳಿದರ ನನ್ನ ಕೌದಿಗೂ ನಿದ್ದಿ ಹತ್ತೂದಿಲ್ಲ ಬಿಡ" ಎಂದೆ.

ಅಲ್ಲಿ ತಯಾರಾಗುವುದು ಡಿಜೆ ಹಾಡು. ಕಬ್ಬಿನ ಟ್ರ್ಯಾಕ್ಟರಿನವರು ಎದೆ ನಡುಗುವ ಹಾಗೆ ಹಚ್ಚಿಕೊಂಡು ಹೋಗುತ್ತಾರಲ್ಲ, ಅವು. ಹಾಡುವವನು ಒಬ್ಬನೇ ಬರುತ್ತಾನೆ, ಕಿವಿಗೆ ಹೆಡ್‌ಫೋನ್ ಏರಿಸಿ ಮೈಕಿಗೆ ಹಾಡಿ ಹೋಗುತ್ತಾನೆ. ಡೋಲಕಿ, ಹಲಗೆ, ಹೆಂಗಸರ ಕೋರಸ್ಸು ಎಲ್ಲ ಆಮೇಲೆ ಕಂಪ್ಯೂಟರಿನಿಂದ ಕೂಡುತ್ತವೆ. ಒಬ್ಬರ ಮುಖ ಒಬ್ಬರು ನೋಡದೆ ಐದಾರು ಮಂದಿ ಕೂಡಿ ಹಾಡಿದ ಹಾಗೆ ಕೇಳಿಸುತ್ತದೆ. ನಾನು ಅದನ್ನು ಹೀಗಳೆಯುವುದಿಲ್ಲ. ಹುಡುಗ ಅದರಲ್ಲೇ ಹೆಸರು ಮಾಡಿದ್ದಾನೆ.

ನಮ್ಮದು ಬೇರೆ ನಮೂನೆ. ನಮ್ಮದು ಘೋಡಗೇರಿಯ ಗೀಗೀ ಮೇಳ. ಅಣ್ಣ ಮಾಲಿಂಗಪ್ಪ ದಪ್ಪು ಬಾರಿಸುತ್ತ ಮುಂದೆ ನಿಂತು ಹಾಡುತ್ತಾನೆ. ನಮ್ಮ ಓಣಿಯ ಕೆಂಚಪ್ಪ ಒಂಟಿ ತಂತಿಯ ತುಂತುಣಿ ಮೀಟುತ್ತಾನೆ. ಹಿಮ್ಮೇಳ ನನ್ನದು. ನಾನು ಊರ ಅಂಗನವಾಡಿಯಲ್ಲಿ ಟೀಚರ್, ಹೆಸರು ಲಗಮವ್ವ. ಹಗಲೆಲ್ಲ ಮಕ್ಕಳ ತೂಕವನ್ನು ಸರ್ಕಾರದ ಫೋನಿಗೆ ತುಂಬುತ್ತೇನೆ, ಸಂಜೆ ಬೆಲ್ಲದ ಬಾಗೇವಾಡಿಯಲ್ಲೋ ಯಮಕನಮರಡಿಯಲ್ಲೋ ಹಾಡಿಕೆ ಇದ್ದರೆ ಸೆರಗು ಸಿಕ್ಕಿಸಿ ಹೊರಡುತ್ತೇನೆ. ಹಿಮ್ಮೇಳ ಅಂದರೆ ಹಿಂದೆ ನಿಂತು ಹೂಂಗುಟ್ಟುವುದಲ್ಲ. ಅಣ್ಣ ಸೊಲ್ಲನ್ನು ಪೂರ್ತಿ ಮುಗಿಸುವುದಿಲ್ಲ, ಕಡೆಯ ಮಾತನ್ನು ನನಗೆ ಬಿಡುತ್ತಾನೆ. ನಾನು ಅದನ್ನು ಎತ್ತಿಕೊಂಡು ಮೇಲಕ್ಕೆ ಒಯ್ಯುವಷ್ಟರಲ್ಲಿ ಅವನು ಉಸಿರು ತೆಗೆದುಕೊಳ್ಳುತ್ತಾನೆ. ನಿನ್ನ ಉಸಿರು ನನ್ನ ಕೈಯಲ್ಲಿದೆ, ಹಬ್ಬಕ್ಕೆ ಸೀರೆ ತರದಿದ್ದರೆ ನೋಡು ಎಂದು ನಾನು ಅವನನ್ನು ಕಾಡಿಸುತ್ತಿದ್ದೆ.

ನಮ್ಮ ಮೇಳದಲ್ಲಿ ಅಪ್ಪನ ಕಾಲದಿಂದ ಬಂದ ಪದ್ಧತಿ ಒಂದಿದೆ. ಹಾಡಿಕೆ ನಿಕ್ಕಿಯಾದ ಮೇಲೆ, ಪದ ಶುರುವಾಗುವ ತನಕ ಮುಂದಿನವನು ಹಾಡಲು ಬಾಯಿ ಬಿಡುವುದಿಲ್ಲ. ಮೈಕು ನೋಡುವುದು, ಶ್ರುತಿ ನೋಡುವುದು, ಹಲೋ ಹಲೋ ಅನ್ನುವುದು ಎಲ್ಲ ಹಿಮ್ಮೇಳದ ಪಾಲು. ಮುಂದಿನವನ ಮೊದಲ ದನಿ ದೇವರಿಗೆ ಮುಟ್ಟಬೇಕು, ಮೈಕಿಗಲ್ಲ ಎಂದು ಅಪ್ಪ ಹೇಳುತ್ತಿದ್ದ. ಅಣ್ಣ ಇದನ್ನು ಒಂದು ದಿನವೂ ಮುರಿದವನಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಅಣ್ಣನ ದನಿ ಒಡೆಯಿತು. ಮೊದಲು ಇಬ್ಬನಿ ಎಂದೆವು, ಆಮೇಲೆ ಧೂಳು ಎಂದೆವು. ಅತ್ತಿಗೆ ಉದ್ದವ್ವ ಮೆಣಸು ಕುಟ್ಟಿ ಕಷಾಯ ಕುಡಿಸಿದಳು. ಸಂಕ್ರಾಂತಿಗೆ ಅವನ ಮಾತು ಒಣ ಎಲೆ ಸರಿದಾಡಿದ ಹಾಗೆ ಕೇಳಿಸತೊಡಗಿತು. ಗೋಕಾಕದ ಡಾಕ್ಟರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿ, ಏನೂ ಹೇಳದೆ ಬೆಳಗಾವಿಗೆ ಕಳಿಸಿದರು. ಬೆಳಗಾವಿಯ ಡಾಕ್ಟರು ಹೇಳಿದರು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು. ಉಸಿರಾಟಕ್ಕೆ ಕೊರಳಿಗೆ ಒಂದು ತೂತು ಮಾಡುತ್ತಾರೆ. ಉಣ್ಣಬಹುದು, ತಿರುಗಾಡಬಹುದು, ಹೊಲಕ್ಕೂ ಹೋಗಬಹುದು.

"ಹಾಡಾಕ್ರಿ?" ಎಂದ ಅಣ್ಣ.

ಡಾಕ್ಟರು ಪೆನ್ನಿನ ಟೋಪಿಯನ್ನು ತೆಗೆದರು, ಹಾಕಿದರು. "ಮಾತ ಹೋಗತೈತಿ ಕಾಕಾ. ಜೀವ ಉಳೀತೈತಿ, ಅದನ್ನ ನೋಡ್ರಿ" ಎಂದರು. ಒಳ್ಳೆಯ ಮನುಷ್ಯ. ಆದರೂ ನನಗೆ ಅವರ ಮೇಲೆ ಸುಮ್ಮನೆ ಸಿಟ್ಟು ಬಂತು. ಯಾರ ಮೇಲಾದರೂ ಬರಬೇಕಾಗಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದ. ಸಂಕೇಶ್ವರದ ಕಡೆಗೆ ಹೋಗುವ ಲಾರಿಗಳು ಒಂದರ ಹಿಂದೊಂದು. ಯಮಕನಮರಡಿ ದಾಟಿದ ಮೇಲೆ ನನ್ನ ಕಡೆ ತಿರುಗಿದ.

"ಲಗಮಿ, ಸೋಮವ್ವನ ಪದ ರೆಕಾರ್ಡಿಗೆ ಹಿಡದ ಇಡೂಣು."

"ಯಾವಾಗ?"

"ಆಪರೇಶನ್‌ಕ್ಕಿಂತ ಮೊದಲ. ಆಮ್ಯಾಲ ನಾ ಇದ್ದರೂ ಅಷ್ಟ, ಇರದಿದ್ದರೂ ಅಷ್ಟ. ಪದದಾಗ ನನ್ನ ದನಿ ಇದ್ದರ ಸಾಕ."

ಸೋಮವ್ವನ ಪದ ನಮ್ಮ ಮನೆತನದ್ದು. ಅದನ್ನು ಬೇರೆ ಯಾವ ಮೇಳವೂ ಹಾಡುವುದಿಲ್ಲ. ನಮ್ಮ ಹಿರೀಕರ ಪೈಕಿ ಸೋಮವ್ವ ಎಂಬ ಹೆಣ್ಣುಮಗಳು ಕುರಿ ಕಾಯುತ್ತ ಹೊಳೆಯ ಆಚೆ ದಡದಲ್ಲಿ ಸಿಕ್ಕಿಬೀಳುತ್ತಾಳೆ. ಹೊಳೆ ಏರುತ್ತಿದೆ. ಅವಳು ನಡುನೀರಿನಲ್ಲಿ ನಿಂತು ಒಂದೊಂದೇ ಕುರಿಯನ್ನು ಈಚೆಗೆ ನೂಕುತ್ತಾಳೆ. ಕಣ್ಣಿಗೆ ಮಳೆ ಹೊಡೆದು ದಡ ಕಾಣುವುದಿಲ್ಲ. ಅದಕ್ಕೆ ಪ್ರತಿಯೊಂದು ಕುರಿಯ ಹೆಸರು ಹಿಡಿದು ಕೇಳುತ್ತಾಳೆ: "ಕರಿಯವ್ವ ಬಂದಾಳೇನ, ದಡಕ ಬಂದಾಳೇನ?" ದಡದ ಮೇಲಿನವರು ಹೇಳುತ್ತಾರೆ: "ಬಂದಾಳ ತಾಯವ್ವ, ನೀ ಬಾ." ಹೊಳೆಯಲ್ಲಿರುವವಳ ಮಾತೆಲ್ಲ ಅಣ್ಣನದು. ದಡದ ಮಾತೆಲ್ಲ ನನ್ನದು. ಕುರಿಗಳೆಲ್ಲ ದಾಟಿದ ಮೇಲೆ ಅವಳೂ ದಡ ಸೇರುತ್ತಾಳೆ, ಆ ಕೊನೆಯ ಸೊಲ್ಲನ್ನು ಇಬ್ಬರೂ ಕೂಡಿ ಹಾಡುತ್ತೇವೆ. ಎಷ್ಟು ಸಲ ಹಾಡಿದರೂ ಆ ಸೊಲ್ಲಿಗೆ ಬರುವಾಗ ನನಗೆ ಭಯವಾಗುತ್ತಿತ್ತು, ಈ ಸಲ ಅವಳು ಬರುತ್ತಾಳೋ ಇಲ್ಲವೋ ಎಂದು.

ಮೊದಲು ಮುದಲಗಿಯ ಕೋಣೆಯಲ್ಲೇ ಹಿಡಿಯಲು ಹೋದೆವು. ಸಿದ್ರಾಯ ಅಪ್ಪನನ್ನು ಒಬ್ಬನನ್ನೇ ಒಳಗೆ ನಿಲ್ಲಿಸಿ, ನಮ್ಮನ್ನು ಹೊರಗೆ ಕೂಡಿಸಿದ. "ಮೊದಲ ಅಪ್ಪಂದ ತಗೋತೇನಿ, ಆಮ್ಯಾಲ ಅತ್ತೀದ, ಆಮ್ಯಾಲ ಕೆಂಚಪ್ಪ ಕಾಕಾಂದ" ಎಂದ. ಅಣ್ಣ ಮೈಕಿನ ಮುಂದೆ ನಿಂತ, ದಪ್ಪಿಗೆ ಬೆರಳು ತಾಗಿಸಿದ, ನಿಂತೇ ಇದ್ದ. ಹಾಡಲಿಲ್ಲ. ಸೊಲ್ಲಿನ ತುದಿಯನ್ನು ಎತ್ತಿಕೊಳ್ಳುವವರು ಎದುರಿಗಿಲ್ಲದೆ ಅವನು ಎಲ್ಲಿ ಬಿಡಬೇಕು? ಕೌದಿಗಳ ನಡುವೆ ಅವನು ಕೆಮ್ಮಿದರೆ ಕೆಮ್ಮು ಕೂಡ ಹೊರಗೆ ಕೇಳಿಸುತ್ತಿರಲಿಲ್ಲ.

"ಇದು ಹಗೇವ ಇದ್ದಂಗೈತಿ. ಕಾಳ ಇಡಾಕ ಬರೋಬರಿ, ಮನಷ್ಯಾರಿಗಲ್ಲ" ಎಂದು ಹೊರಗೆ ಬಂದ.

ಹಾಗಾದರೆ ಊರಲ್ಲೇ, ಬೀರದೇವರ ಗುಡಿಯ ಕಟ್ಟೆಯ ಮೇಲೆ, ಎಲ್ಲರೂ ಕೂಡಿ ನಿಂತು ಹಾಡಬೇಕು. ಕಂಪ್ಯೂಟರು, ಅದರ ವೈರುಗಳನ್ನೆಲ್ಲ ಘೋಡಗೇರಿಗೆ ಹೊತ್ತು ತರುವುದು ಆಗದ ಮಾತು. ಸಿದ್ರಾಯ ಗೋಕಾಕಕ್ಕೆ ಹೋಗಿ ಒಂದು ಟ್ಯಾಬ್ ತಂದ. ಊರಲ್ಲಿ ಅದಕ್ಕೆ ಹಿಡಿದುಕೊಂಡು, ಆಮೇಲೆ ಸ್ಟುಡಿಯೋದಲ್ಲಿ ಹದ ಮಾಡುವುದು ಎಂದು ಲೆಕ್ಕ. ಆದರೆ ಟ್ಯಾಬ್ ತಂದರೆ ಮುಗಿಯಲಿಲ್ಲ, ಅದರೊಳಗೆ ಯಾವ ಆ್ಯಪ್ ಎಂಬುದೇ ದೊಡ್ಡ ಸಮಸ್ಯೆಯಂತೆ. ಅಣ್ಣನ ಮನೆಯ ಪಡಸಾಲೆಯಲ್ಲಿ ಅವನು ಒಂದೊಂದನ್ನೇ ತೆರೆದು ತೋರಿಸಿದ. ಹೆಣ್ಣು ನೋಡಲು ಬಂದವರ ಹಾಗೆ ನಾವು ಸುತ್ತ ಕುಳಿತೆವು.

ಮೊದಲನೆಯದು ತಾನೇ ತಾಳ ಹಾಕುತ್ತಿತ್ತು. ಟಿಕ್ ಟಿಕ್ ಎಂದು ಬಡಿಯುತ್ತಿತ್ತು, ಹಾಡುವವರು ಅದರ ಹಿಂದೆ ಹೋಗಬೇಕು. ಸೋಮವ್ವನ ಪದ ಮೊದಲು ನಿಧಾನ, ಹೊಳೆ ಏರಿದ ಹಾಗೆ ಜೋರು. ಅಣ್ಣ ಕೈಯಾಡಿಸಿಬಿಟ್ಟ. "ಹೊಳೀಗೆ ಗಡಿಯಾರ ಕಟ್ಟಾಕ ಬಂದೈತಿ ಇದು."

ಎರಡನೆಯದು ಸಾದಾ. ಕೇಳಿದ್ದನ್ನು ಕೇಳಿದ ಹಾಗೆ ಹಿಡಿಯುತ್ತಿತ್ತು, ಅಷ್ಟೇ. ಪದ್ಧತಿಯ ಪ್ರಕಾರ ಹಾಡಿ ನೋಡುವ ಕೆಲಸ ನನ್ನದು. ಎರಡು ಸೊಲ್ಲು ಹಾಡಿದೆ. ಬಾಜೂ ಮನೆಯಲ್ಲಿ ಹಿಟ್ಟಿನ ಗಿರಣಿ ಇದೆ. ತಿರುಗಿ ಹಚ್ಚಿದಾಗ ಗಿರಣಿಯೇ ಹಾಡಿದ ಹಾಗಿತ್ತು, ನಾನು ಅದಕ್ಕೆ ಹಿಮ್ಮೇಳ. ಜೊತೆಗೆ ಒಂದು ಕಾಗೆ, ಉದ್ದವ್ವನ ಬಳೆ, ಯಾರೋ ಬೈಕು ಒದ್ದು ಚಾಲೂ ಮಾಡಿದ ಸದ್ದು.

ಮೂರನೆಯದನ್ನು ಸಿದ್ರಾಯ ಬೇಕೆಂದೇ ಕಡೆಗೆ ಇಟ್ಟಿದ್ದ. "ಇದು ಹೊಸಾದು. ಹಿಡಿಯೂವಾಗನ ಗದ್ದಲ ತಗದ ಒಗೀತೈತಿ. ಹಾಡವರ ದನಿ ಅಷ್ಟ ಇಟಗೋತೈತಿ" ಎಂದ. ಮತ್ತೆ ನಾನೇ ಹಾಡಿದೆ. ಗಿರಣಿ ಭರ್ರೋ ಎನ್ನುತ್ತಲೇ ಇತ್ತು. ತಿರುಗಿ ಹಚ್ಚಿದ. ಗಿರಣಿ ಇಲ್ಲ. ಕಾಗೆ ಇಲ್ಲ. ನನ್ನ ದನಿ ಒಂದೇ, ಹೊಳೆಯಲ್ಲಿ ಜಾಲಿಸಿ ತೆಗೆದ ಬಟ್ಟೆಯ ಹಾಗೆ. ಉದ್ದವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. "ಇದು ತೊಳಿಯೂ ಆ್ಯಪ್" ಎಂದು ಅವಳೇ ಹೆಸರಿಟ್ಟಳು.

ಅಣ್ಣ ಹೆಡ್‌ಫೋನ್ ಹಾಕಿಕೊಂಡು ಅದನ್ನು ಎರಡು ಸಲ ಕೇಳಿದ. ಅವನ ಕಣ್ಣು ಒದ್ದೆಯಾದವು.

"ನಿನ್ನ ದನಿ ಹಿಂಗೈತೇನ ಲಗಮಿ? ಇಷ್ಟ ವರ್ಷ ಬಾಜೂಕ ನಿಂತೀನಿ, ಒಂದ ದಿನಾ ಕೇಳಿಲ್ಲ ನೋಡ. ನಾ ಉಸರ ತಗೊಳ್ಳೂದರಾಗ ನಿಂದ ಮುಗದ ಹೋಗತಿತ್ತ."

ನಗುವ ನೆಪ ಮಾಡಿ ಚಹಾ ಮಾಡಲು ಎದ್ದೆ.

"ಅಪ್ಪಾ, ನೀನೂ ಒಂದ ಸೊಲ್ಲ ಹೇಳಿ ನೋಡಲ್ಲ" ಎಂದ ಸಿದ್ರಾಯ.

ಉದ್ದವ್ವ ಅವನ ಮೇಲೆ ಹರಿಹಾಯ್ದಳು. "ಇದ್ದ ದನಿ ಎಲ್ಲಾ ಇಲ್ಲೇ ಖರ್ಚ ಮಾಡಸ್ತಿಯೇನ? ಡಾಕ್ಟರ್ ಮಾತಾಡ ಬ್ಯಾಡ ಅಂದಾರ."

"ಪದ ಹಿಡಿಯೂ ತನಾ ನಾ ಬಾಯಿ ತಗಿಯೂದಿಲ್ಲ. ಗೊತ್ತಿಲ್ಲೇನ ನಿನಗ?" ಎಂದ ಅಣ್ಣ. ಆಮೇಲೆ ಟ್ಯಾಬಿನ ಮೇಲೆ ಅಂಗೈ ಇಟ್ಟ. "ಇದ ಇರಲಿ."

ಆರಿಸಿದವನು ಅವನೇ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಆದಿತ್ಯವಾರ ಮುಂಜಾನೆ, ಕಟ್ಟೆಯ ಮೇಲೆ ನಿಂತೆವು. ಗಿರಣಿಯ ಸದ್ದು ಅಲ್ಲಿಗೂ ಬರುತ್ತಿತ್ತು. ಸಿದ್ರಾಯ ಗಿರಣಿಯವರಿಗೆ ಹೇಳಿ ನಿಲ್ಲಿಸಬಹುದಿತ್ತು, ಬೇಕಾಗಿಲ್ಲ ಎಂದ. ಟ್ಯಾಬಿಗೆ ಮೈಕು ಸಿಕ್ಕಿಸಿ ನಮ್ಮ ಮುಂದೆ ನಿಲ್ಲಿಸಿದ. ಎಲ್ಲರ ಫೋನೂ ಬಂದ್ ಮಾಡಿಸಿದ, ನಡುವೆ ಫೋನ್ ಬಂದರೆ ರೆಕಾರ್ಡಿನಲ್ಲಿ ಟರ್ರ್ ಎಂದು ಬರುತ್ತದಂತೆ. ಪೂಜಾರಿ ಎಲ್ಲರ ಹಣೆಗೆ ಭಂಡಾರ ಹಚ್ಚಿದ. ಅಣ್ಣ ಕುತ್ತಿಗೆಗೆ ಸುತ್ತಿದ್ದ ಮಫ್ಲರ್ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ.

ಮೊದಲ ನಮನದ ಸೊಲ್ಲು ಹಿಮ್ಮೇಳದ್ದು. ನಾನು ಎತ್ತಿದೆ. ಆಮೇಲೆ ಅಣ್ಣ ಹಿಡಿದ.

ಅದನ್ನು ಹೇಗೆ ಹೇಳಲಿ? ಅವನ ದನಿ ಮೊದಲಿನದಾಗಿರಲಿಲ್ಲ. ಅದರಲ್ಲಿ ಗಾಳಿಯೇ ಹೆಚ್ಚು, ಸ್ವರ ಅಲ್ಲೊಂದು ಇಲ್ಲೊಂದು. ಆದರೆ ನಡುನೀರಿನಲ್ಲಿ ನಿಂತವಳ ದನಿ ಹಾಗಲ್ಲದೆ ಮತ್ತೆ ಹೇಗಿರುತ್ತದೆ? "ಕರಿಯವ್ವ ಬಂದಾಳೇನ" ಎಂದು ಅವನು ಕೇಳಿದಾಗ ನಾನು ದಡದಿಂದ ಕೂಗುವವಳ ಹಾಗೆ ಕೂಗಿದೆ, "ಬಂದಾಳ ತಾಯವ್ವ, ನೀ ಬಾ." ಕೆಂಚಪ್ಪ ತಲೆ ತಗ್ಗಿಸಿ ತುಂತುಣಿ ಮೀಟುತ್ತಿದ್ದ, ಕಣ್ಣೀರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಅಣ್ಣ ಒಂದು ಕುರಿಯನ್ನೂ ಬಿಡಲಿಲ್ಲ. ಉಸಿರು ಸಾಲದಾದಾಗ ಸೊಲ್ಲನ್ನು ಮೊದಲಿಗಿಂತ ಬೇಗ ನನಗೆ ಬಿಟ್ಟ, ನಾನು ಎತ್ತಿಕೊಂಡೆ. ಕಡೆಯ ಸೊಲ್ಲನ್ನು ಕೂಡಿ ಹಾಡಿ ದಡ ಸೇರಿದೆವು. ಅವನು ಇಡೀ ಜನ್ಮದಲ್ಲಿ ಅದಕ್ಕಿಂತ ಚೆನ್ನಾಗಿ ಹಾಡಿರಲಿಲ್ಲ.

ಮುಗಿದದ್ದೇ ತಡ ಕೆಮ್ಮು ಹತ್ತಿತು, ಮಫ್ಲರಿಗೆ ರಕ್ತ ಬಂತು. ಉದ್ದವ್ವ ಅಳತೊಡಗಿದಳು. ಸಿದ್ರಾಯ ಅವಸರದಲ್ಲಿ ಹೆಡ್‌ಫೋನ್ ಕಿವಿಗಿಟ್ಟು ಮೊದಲಿನ ಒಂದು ತುಣುಕು ಕೇಳಿದ. ನಮನದ ಸೊಲ್ಲು, ಅದು ನನ್ನದು. ಸ್ವಚ್ಛ ಬಂದಿತ್ತು. "ಛಲೋ ಬಂದೈತಿ" ಎಂದು ಟ್ಯಾಬ್ ಮುಚ್ಚಿ ಗಾಡಿ ತರಲು ಓಡಿದ. ಅಣ್ಣ ಅದನ್ನು ಕೇಳಿಸಿಕೊಂಡ. ರಕ್ತದ ಬಾಯಲ್ಲೇ ನಕ್ಕ.

ಮಾತು ಹೋದದ್ದು ಬುಧವಾರ.

ಅವನನ್ನು ಐಸಿಯುವಿನಿಂದ ವಾರ್ಡಿಗೆ ತಂದ ಮೇಲೆ ನಾನು ಊರಿಗೆ ಬಂದೆ. ಬಂದ ಮರುದಿನವೇ ಸಿದ್ರಾಯನ ಫೋನು. "ಅತ್ತಿ, ಮುದಲಗಿಗೆ ಬಾ" ಎಂದ. ಏನು ಎಂದರೆ ಹೇಳಲಿಲ್ಲ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ನನಗೆ ಅಣ್ಣನ ಜೀವದ ಬಗ್ಗೆಯೇ ಹೆದರಿಕೆ. ಮುದಲಗಿಗೆ ಹೋದರೆ ಅವನು ಕೌದಿಯ ಕೋಣೆಯಲ್ಲಿ ನೆಲದ ಮೇಲೆ ಕುಳಿತಿದ್ದ, ಮುಖ ತೊಳೆದಿರಲಿಲ್ಲ. ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟು ಹಚ್ಚಿದ.

ನಮನದ ಸೊಲ್ಲು ಬಂತು, ನನ್ನದು. ಆಮೇಲೆ ಏನೂ ಇಲ್ಲ. ಒಂದೆರಡು ಕಡೆ ದಪ್ಪಿನ ಏಟು ಮುರಿದು ಮುರಿದು ಕೇಳಿಸಿತು, ಮತ್ತೆ ಏನೂ ಇಲ್ಲ. ಹೆಡ್‌ಫೋನ್ ಕೆಟ್ಟಿದೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ದನಿ ಬಂತು: "ಬಂದಾಳ ತಾಯವ್ವ, ನೀ ಬಾ." ಮತ್ತೆ ಏನೂ ಇಲ್ಲ. ಮತ್ತೆ ನಾನು.

"ನಿಮ್ಮಪ್ಪ ಎಲ್ಲಿ?" ಎಂದೆ.

"ಅಪ್ಪನ ದನಿ ಗಾಳಿ ಇದ್ದಂಗ ಇತ್ತಲ್ಲತ್ತಿ. ಅದು ಗದ್ದಲ ಅಂತ ತಿಳದ ತಗದ ಒಗದೈತಿ. ಗಿರಣಿ ಸಪ್ಪಳದ ಜೋಡಿ, ತುಂತುಣಿ ಜೋಡಿ. ಎರಡ ದಿನಾ ಹುಡುಕಾಕತ್ತೇನಿ. ಅದರಾಗ ಮೊದಲ ಹಿಡದ ದನಿ ಉಳಿಯೂದಿಲ್ಲ, ತೊಳದದ್ದ ಅಷ್ಟ ಉಳೀತೈತಿ."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈ ಎತ್ತಿದ್ದೆ ಕೂಡ. ಆದರೆ ಅವನು ಹೊಡೆಸಿಕೊಳ್ಳಲು ಸಿದ್ಧನಾಗಿ ಮುಖ ಮುಂದೆ ಮಾಡಿದ, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ. ಕೈ ಕೆಳಗೆ ಬಂತು. ಇಬ್ಬರೂ ಅತ್ತೆವು. ಆ ಕೋಣೆಯಲ್ಲಿ ಅತ್ತರೆ ಅಳು ಕೂಡ ಹೊರಗೆ ಹೋಗುವುದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಕಂಪ್ಯೂಟರಿನ ಕಡೆ ತಿರುಗಿದ. "ಇನ್ನೊಂದ ಆ್ಯಪ್ ಐತಿ ಅತ್ತಿ. ಹಳೇ ದನಿ ಸ್ವಲ್ಪ ಕೊಟ್ಟರ ಅದ ದನೀಲೆ ಏನ ಬೇಕಾದ್ದ ಹಾಡತೈತಿ. ಬಾಗೇವಾಡಿ ಮದವಿಯಾಗ ಯಾರೋ ಫೋನಿನಾಗ ಹಿಡದ ತುಣಕ ಇತ್ತ, ಅದರ ಮ್ಯಾಲ ಮಾಡೀನಿ. ಅಪ್ಪಗ ಗೊತ್ತಾಗೂದಿಲ್ಲ" ಎಂದು ಹಚ್ಚಿದ.

ದನಿ ಅಣ್ಣನದೇ. ಐದಾರು ವರ್ಷದ ಹಿಂದಿನ, ಒಡೆಯದ ದನಿ. ಕರಿಯವ್ವ ಬಂದಳೇ ಎಂದು ಕೇಳಿತು, ಬಿಳಿಯವ್ವ ಬಂದಳೇ ಎಂದು ಕೇಳಿತು. ಎಲ್ಲೂ ಉಸಿರು ತೆಗೆದುಕೊಳ್ಳಲಿಲ್ಲ. ಸೊಲ್ಲನ್ನು ಪೂರ್ತಿ ತಾನೇ ಮುಗಿಸಿತು, ತುದಿಯನ್ನು ನನಗೆ ಬಿಡಲಿಲ್ಲ.

"ಇವಗ ಹಿಮ್ಮೇಳ ಬೇಕಾಗಿಲ್ಲಲ್ಲೋ" ಎಂದೆ. "ಇವ ನೀರಾಗ ನಿಂತಿಲ್ಲ, ಮನ್ಯಾಗ ಕುಂತಾನ. ಇದನ್ನ ನಿಮ್ಮಪ್ಪಗ ಕೇಳಿಸಿದಿ ಅಂದರ ನನ್ನ ಮಾರಿ ನೋಡಬ್ಯಾಡ."

ಅವನು ಅದನ್ನು ಅಳಿಸಿದ. ನನ್ನ ಎದುರಿಗೆ ಅಳಿಸಿದ್ದು ನೋಡಿದ್ದೇನೆ.

ಅಣ್ಣ ಮನೆಗೆ ಬಂದ. ಕೊರಳಲ್ಲಿ ತೂತು, ಅದರ ಮೇಲೆ ಜಾಳಿಗೆಯಂಥ ಬಟ್ಟೆ. ನಾನು ಅಂಗನವಾಡಿಯಿಂದ ಒಂದು ಪಾಟಿ, ಬಳಪ ತಂದು ಕೊಟ್ಟೆ. ಅಣ್ಣ ಶಾಲೆಗೆ ಹೋದದ್ದು ಕಡಿಮೆ, ಅಕ್ಷರ ಸೊಟ್ಟಗೆ ಬರುತ್ತಿದ್ದವು. ಮೊದಲ ದಿನವೇ ಪಾಟಿಯ ಮೇಲೆ ಬರೆದ: "ಪದ ಹಚ್ಚ." ಕರೆಂಟ್ ಇಲ್ಲ ಎಂದೆವು. ಮರುದಿನ ಚಾರ್ಜ್ ಇಲ್ಲ ಎಂದೆವು. ಆಮೇಲೆ ಸಿದ್ರಾಯ ಕೆಲಸ ಮುಗಿಸಿಲ್ಲ ಎಂದೆವು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ ಎಂದಲ್ಲ, ಅಂಗನವಾಡಿಯ ಫೋನಿಗೆ ಎಷ್ಟೋ ಹೇಳಿದ್ದೇನೆ. ಆದರೆ ಕೇಳುವವನು ಮಾತಾಡಲಾರದವನಾದರೆ ಸುಳ್ಳು ಬಾಯಲ್ಲೇ ಕಹಿಯಾಗುತ್ತದೆ. ಅವನು ಪಾಟಿಯನ್ನು ತಟ್ಟುತ್ತ ಕೂಡುತ್ತಿದ್ದ, ನಾವು ತಿರುಗುವ ತನಕ.

ಕಡೆಗೆ ಒಂದು ಮಧ್ಯಾಹ್ನ, ಉದ್ದವ್ವ ಹೊಲಕ್ಕೆ ಹೋದಾಗ, ನಾನೇ ಟ್ಯಾಬ್ ತಂದು ಹೆಡ್‌ಫೋನ್ ಹಾಕಿ ಹಚ್ಚಿದೆ. ಮೊದಲೇ ಹೇಳಬೇಕಾಗಿತ್ತು.

ನಮನದ ಸೊಲ್ಲಿಗೆ ಅವನು ತಲೆದೂಗಿದ. ಆಮೇಲೆ ಅವನ ತುಟಿ ಆಡತೊಡಗಿದವು. ಕೈ ತೊಡೆಯ ಮೇಲೆ ದಪ್ಪು ಬಾರಿಸಿತು. ಅವನು ಆ ಖಾಲಿಯೊಳಗೆ ತನ್ನ ಸೊಲ್ಲು ಹಾಡಿಕೊಳ್ಳುತ್ತಿದ್ದ. ಎಷ್ಟು ಸರಿಯಾಗಿ ಎಂದರೆ, ತುಟಿ ನಿಂತ ಕ್ಷಣಕ್ಕೆ ಹೆಡ್‌ಫೋನಿನಿಂದ ನನ್ನ ದನಿ ಸಣ್ಣಗೆ ಹೊರಗೆ ಬರುತ್ತಿತ್ತು, "ನೀ ಬಾ." ಕೊಂಚ ಹೊತ್ತು ಅವನಿಗೆ ತನ್ನ ದನಿ ಕೇಳಿಸುತ್ತಿದೆ ಎಂದೇ ನಾನು ನಂಬಿದೆ. ಮೂರನೆಯ ಕುರಿಗೆ ತುಟಿ ನಿಂತವು. ಹೆಡ್‌ಫೋನನ್ನು ಒತ್ತಿ ಹಿಡಿದ, ಸದ್ದು ಏರಿಸಲು ಸನ್ನೆ ಮಾಡಿದ. ಏರಿಸಿದೆ. ಕಡೆಯ ತನಕ ಕೇಳಿದ. ಕೂಡಿ ಹಾಡುವ ಸೊಲ್ಲು ಬಂತು, ಅಲ್ಲಿಯೂ ನಾನೊಬ್ಬಳೇ.

ಪಾಟಿ ತೆಗೆದುಕೊಂಡ. "ನಾ ಎಲ್ಲಿ?"

ಹೇಳಿದೆ. ಗಿರಣಿಯಿಂದ ಹಿಡಿದು ಎಲ್ಲ ಹೇಳಿದೆ. ಅವನು ಕೇಳುತ್ತ ತನ್ನ ಅಂಗೈಯನ್ನೇ ನೋಡುತ್ತಿದ್ದ, ಆವತ್ತು ಟ್ಯಾಬಿನ ಮೇಲೆ ಇಟ್ಟ ಅಂಗೈ. ಸಿದ್ರಾಯನನ್ನು ಬೈಯಲಿಲ್ಲ. ಬೈಯಲು ಅವನಲ್ಲಿ ಏನಿತ್ತು? ಪಾಟಿಯ ಮೇಲೆ ಎಷ್ಟು ಬೈಗುಳ ಹಿಡಿಸುತ್ತದೆ?

ಅಣ್ಣ ಟ್ಯಾಬನ್ನು ನನ್ನ ಕಡೆ ನೂಕಿ, ಹಿಡಿ ಎಂದು ಸನ್ನೆ ಮಾಡಿದ. ನನಗೆ ಅರ್ಥವಾಗಲಿಲ್ಲ. ಗೋಡೆಯ ಮೇಲಿದ್ದ ದಪ್ಪನ್ನು ಇಳಿಸಿಕೊಂಡ. ಆಗ ಅರ್ಥವಾಯಿತು. ಬೇಡ ಎಂದು ಕೈ ಹಿಡಿದೆ, ಕೊಸರಿಕೊಂಡ. ತೊಳೆಯುವ ಆ್ಯಪನ್ನೇ ತೆರೆದೆ, ಬೇರೆ ಹೊಳೆಯಲಿಲ್ಲ. ಅವನು ಬಾಯಿ ತೆರೆದು ಹಾಡಿದ. ಬಾಯಿಂದ ಏನೂ ಬರಲಿಲ್ಲ. ಗಾಳಿ ಕೊರಳಿನಿಂದ ಬಂತು, ಬಟ್ಟೆಯ ಮೂಲಕ, ಬುಸ್ ಬುಸ್ ಎಂದು. ಟ್ಯಾಬಿನ ಮೇಲೆ ದನಿ ತೋರಿಸುವ ಗೆರೆ ಅಲ್ಲಾಡಲಿಲ್ಲ. ಅವನು ಅದನ್ನೇ ನೋಡುತ್ತ ಹಾಡಿದ. ಗೆರೆ ನೆಟ್ಟಗೆ ಹೋಗುತ್ತಲೇ ಇತ್ತು.

ನಾನು ಅದನ್ನು ಮುಚ್ಚಿ ಸಾದಾ ಆ್ಯಪ್ ತೆರೆದೆ, ನಾವು ಬೇಡ ಎಂದದ್ದು. ಗೆರೆ ಅಲ್ಲಾಡಿತು. ಗಿರಣಿಗೆ ಅಲ್ಲಾಡಿತು, ಕಾಗೆಗೆ ಅಲ್ಲಾಡಿತು, ಅಣ್ಣನ ಉಸಿರಿಗೂ ಸಣ್ಣಗೆ ಅಲ್ಲಾಡಿತು. "ಹಾಡಣ್ಣಾ" ಎಂದೆ. ಅವನು ಒಂದು ಕುರಿಯನ್ನು ಕೇಳಿದ. ಉಸಿರು ನಿಂತಲ್ಲಿ ನಾನು ಎತ್ತಿಕೊಂಡೆ. ಇನ್ನೊಂದನ್ನು ಕೇಳಿದ, ನಾನು ದಡದಿಂದ ಹೇಳಿದೆ. ನನ್ನ ಶ್ರುತಿ ಎಲ್ಲೋ ಇತ್ತು, ಆದರೂ ಬಿಡಲಿಲ್ಲ. ನಡುವೆ ಅವನಿಗೆ ಕೆಮ್ಮು ಬಂದು ಕಫ ಬಟ್ಟೆಗೆ ಅಂಟಿತು. ದಪ್ಪು ಕೆಳಗೆ ಇಟ್ಟ. ಕುರಿಗಳು ಇನ್ನೂ ಆಚೆಗೇ ಇದ್ದವು.

ಹಚ್ಚಲು ಸನ್ನೆ ಮಾಡಿದ. ಹೆಡ್‌ಫೋನ್ ಹಾಕಿಕೊಂಡು ತಾನು ಈಗ ಏನಾಗಿದ್ದಾನೆ ಎಂಬುದನ್ನು ಕೇಳಿದ. ಪೂರ್ತಿ ಕೇಳಿದ. ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಅಳಿಸುವ ಗುರುತು ಎಲ್ಲಿದೆ ಎಂದು ಕಣ್ಣಲ್ಲೇ ಕೇಳಿದ. ನಾನು ತೋರಿಸಲಿಲ್ಲ. ಹುಡುಕಿ, ತನ್ನ ಬೆರಳಿನಿಂದ ತಾನೇ ಒತ್ತಿದ. "ಅಣ್ಣಾ, ಅದ ಒಂದ ಇತ್ತಲ್ಲ" ಎಂದು ಅವನ ತೋಳು ಹಿಡಿದು ಜಗ್ಗಿದೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಡಾಕ್ಟರ ಮೇಲಲ್ಲ, ಸಿದ್ರಾಯನ ಮೇಲಲ್ಲ, ಅವನ ಮೇಲೆ. ಅವನು ಪಾಟಿಯನ್ನು ಒರೆಸಿ ನಿಧಾನವಾಗಿ ಬರೆದ.

"ನಿಂದ ಇರಲಿ."

ಈಗ ಟ್ಯಾಬ್ ಅವನ ಹತ್ತಿರವೇ ಇದೆ. ಹೆಡ್‌ಫೋನ್ ಹಾಕಿದರೆ ಕೊರಳಿನ ಕಟ್ಟು ಜಗ್ಗುತ್ತದೆ ಎಂದು ಹಾಗೇ ಹಚ್ಚಿಕೊಂಡು ಕೂಡುತ್ತಾನೆ. ನಾನು ಅಂಗನವಾಡಿಯ ಬಾಗಿಲು ಹಾಕಿ ಮನೆಗೆ ಹೋಗುವ ದಾರಿಯಲ್ಲೇ ಅವನ ಮನೆ. ಕಿಟಕಿಯಿಂದ ನನ್ನ ದನಿ ಓಣಿಗೆ ಬರುತ್ತದೆ, ತೊಳೆದು ಒ‌ಣಗಿಸಿದ್ದು. ಬಂದಾಳ ತಾಯವ್ವ, ನೀ ಬಾ. ಸುಮ್ಮನಾಗುತ್ತದೆ. ಆ ಖಾಲಿಯಲ್ಲಿ ಅವನ ತುಟಿ ಆಡುತ್ತಿರುತ್ತವೆ ಎಂದು ನನಗೆ ಗೊತ್ತು. ಒಳಗೆ ಹೋಗುವುದಿಲ್ಲ. ಗೋಡೆಗೆ ಕೈ ಊರಿ ನಿಂತು, ಕೂಡಿ ಹಾಡುವ ಸೊಲ್ಲು ಬರುವ ಮೊದಲೇ ಮನೆಯ ಕಡೆ ನಡೆಯುತ್ತೇನೆ.